ಹತ್ತು ಲೈನಿನ ಸ್ವಿಚ್‌ಬೋರ್ಡ್: ಒಂದು ಹಳೆಯ ವಸ್ತುವಿನಿಂದ ಮೂರು ಪಾಠಗಳು

ಹಿನ್ನೆಲೆ

ಅಭ್ಯಾಸ ಬೋಧನೆಗೆ ನಾವು ಪ್ರತಿವರ್ಷ ಹೋಗುವ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಈ ಸಲ ಗುಜರಿಗೆ ಹಾಕಬೇಕಾದ ವಸ್ತುಗಳ ಪಟ್ಟಿ ತಯಾರಾಗುತ್ತಿತ್ತು. ಮುರಿದ ತಕ್ಕಡಿ, ಒಡೆದ ಬ್ಯಾರೋಮೀಟರ್‌ಗಳ ನಡುವೆ ಒಂದು ಮರದ ಪೆಟ್ಟಿಗೆ ಇತ್ತು. ಅದರ ಮುಂಭಾಗದಲ್ಲಿ ಹತ್ತು ಸಣ್ಣ ಹಿತ್ತಾಳೆಯ ಮುಚ್ಚಳಗಳು, ಅವುಗಳ ಕೆಳಗೆ ಹತ್ತು ರಂಧ್ರಗಳು, ಮುಂದಿನ ಹಲಗೆಯ ಮೇಲೆ ಜೋಡಿ ಜೋಡಿಯಾಗಿ ನಿಂತ ಪ್ಲಗ್ಗುಗಳು, ಬಲಬದಿಯಲ್ಲಿ ತಿರುಗಿಸುವ ಹಿಡಿ. ಶಾಲೆಯ ದಾಸ್ತಾನು ಪುಸ್ತಕದಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಸಾಲು: "ಹಳೆಯ ಟೆಲಿಫೋನ್ ಬೋರ್ಡ್ 1, ಅಂಚೆ ಕಚೇರಿಯಿಂದ." ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಅದನ್ನು ಪಟ್ಟಿಯಿಂದ ತೆಗೆಸಿದೆವು.

ವಿಜ್ಞಾನ ಮತ್ತು ಸಮಾಜ ವಿಜ್ಞಾನ ಬೋಧನಾ ವಿಷಯದ ಇಬ್ಬರು ಪ್ರಶಿಕ್ಷಣಾರ್ಥಿಗಳು ಈ ಬೋರ್ಡನ್ನು ಆಧರಿಸಿ ಮೂರು ಪಾಠಗಳನ್ನು ಮಾಡಿದರು. ಮೊದಲ ಎರಡು ಹತ್ತನೆಯ ತರಗತಿಗೆ, ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಘಟಕದಲ್ಲಿ. ಮೂರನೆಯದು ಎಂಟನೆಯ ತರಗತಿಗೆ, ಇತಿಹಾಸದ ಆಧಾರಗಳ ಪಾಠದಲ್ಲಿ. ಮಾರ್ಗದರ್ಶಕನಾಗಿದ್ದ ನಾನು ಮಾಡಿದ ಒಂದು ತಪ್ಪು ಮೂರನೆಯ ಪಾಠದ ದಿಕ್ಕನ್ನೇ ಬದಲಿಸಿತು. ಅದನ್ನೂ ಇಲ್ಲಿ ಬರೆದಿದ್ದೇನೆ.

ವಿಷಯ ವಿಶ್ಲೇಷಣೆ

ಸ್ವಿಚ್‌ಬೋರ್ಡ್ ಏಕೆ ಬೇಕಾಯಿತು ಎಂಬುದು ಗಣಿತದ ಪ್ರಶ್ನೆ. ಎರಡು ಟೆಲಿಫೋನುಗಳಿಗೆ ಒಂದು ಲೈನು ಸಾಕು. ಹತ್ತು ಮನೆಗಳು ಒಂದಕ್ಕೊಂದು ನೇರವಾಗಿ ಮಾತನಾಡಬೇಕಾದರೆ 45 ಲೈನುಗಳು ಬೇಕು. ನೂರು ಮನೆಗಳಿಗೆ 4,950. ಎಲ್ಲ ಲೈನುಗಳನ್ನೂ ಒಂದು ಕಡೆಗೆ ತಂದು, ಬೇಕಾದಾಗ ಬೇಕಾದ ಎರಡನ್ನು ಸೇರಿಸಿದರೆ ಹತ್ತು ಮನೆಗೆ ಹತ್ತು, ನೂರು ಮನೆಗೆ ನೂರು ಲೈನುಗಳೇ ಸಾಕು. ಆ ಸೇರಿಸುವ ಜಾಗವೇ ವಿನಿಮಯ ಕೇಂದ್ರ, ಸೇರಿಸುವ ಸಾಧನವೇ ಸ್ವಿಚ್‌ಬೋರ್ಡ್.

ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ ಟೆಲಿಫೋನಿನ ಪೇಟೆಂಟ್ ಸಿಕ್ಕಿದ್ದು 1876ರ ಮಾರ್ಚ್‌ನಲ್ಲಿ. ಎರಡು ವರ್ಷವೂ ತುಂಬುವ ಮೊದಲೇ, 1878ರ ಜನವರಿ 28ರಂದು ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಮೊದಲ ವಾಣಿಜ್ಯ ವಿನಿಮಯ ಕೇಂದ್ರ ಆರಂಭವಾಯಿತು. ಅದರ ಚಂದಾದಾರರು 21 ಮಂದಿ. ಜಾರ್ಜ್ ಕಾಯ್ ಅದಕ್ಕೆ ಬೋರ್ಡ್ ಮಾಡಿದ್ದು ಗಾಡಿಗೆ ಹಾಕುವ ಬೋಲ್ಟುಗಳಂಥ ಕೈಗೆ ಸಿಕ್ಕ ಸಾಮಾನುಗಳಿಂದ. ಅದೇ ವರ್ಷದ ಸೆಪ್ಟೆಂಬರ್ 1ರಂದು ಬೋಸ್ಟನ್ನಿನಲ್ಲಿ ಎಮ್ಮಾ ನಟ್ ಕೆಲಸಕ್ಕೆ ಸೇರಿ ಮೊದಲ ಮಹಿಳಾ ಆಪರೇಟರ್ ಆದರು.

ಭಾರತದಲ್ಲಿ 1882ರ ಜನವರಿ 28ರಂದು ಕಲ್ಕತ್ತೆಯ ಕೇಂದ್ರವನ್ನು ವಿಧ್ಯುಕ್ತವಾಗಿ ತೆರೆಯಲಾಯಿತು. ಮುಂಬಯಿ ಮತ್ತು ಮದ್ರಾಸುಗಳಲ್ಲೂ ಅದೇ ಹೊತ್ತಿಗೆ ಕೇಂದ್ರಗಳು ಬಂದವು. ಕಲ್ಕತ್ತೆಯಲ್ಲಿ ಆಗ 93 ಚಂದಾದಾರರಿದ್ದರು. ಆಪರೇಟರ್ ಇಲ್ಲದೆ ತಾನೇ ಲೈನು ಸೇರಿಸುವ ಯಂತ್ರಕ್ಕೆ ಅಮೆರಿಕದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ. ಅವನು ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯವನು. ಆಪರೇಟರ್ ತನ್ನ ಗಿರಾಕಿಗಳ ಕರೆಗಳನ್ನು ಎದುರಾಳಿಗೆ ಕೊಡುತ್ತಿದ್ದಾಳೆಂಬ ಅನುಮಾನವೇ ಇದಕ್ಕೆ ಕಾರಣ ಎಂಬ ಕಥೆ ಪ್ರಸಿದ್ಧವಾಗಿದೆ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಐಟಿಐ ಕಾರ್ಖಾನೆ ತಯಾರಿಸಿದ್ದು ಇದೇ ಸ್ಟ್ರೌಜರ್ ಮಾದರಿಯ ಉಪಕರಣಗಳನ್ನು. ಆದರೂ ಸಣ್ಣ ಊರುಗಳಲ್ಲಿ ಕೈಯಿಂದ ನಡೆಸುವ ಬೋರ್ಡುಗಳು ಬಹಳ ಕಾಲ ಉಳಿದವು. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ರೂಪಿಸಿದ ಸ್ವಯಂಚಾಲಿತ ಕೇಂದ್ರಗಳಲ್ಲಿ ಮೊದಲನೆಯದು ನೆಲೆಗೊಂಡದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಆಪರೇಟರ್ ಕಾಲ ನಾವು ತಿಳಿದಷ್ಟು ಹಿಂದಿನದಲ್ಲ ಎಂಬುದನ್ನು ಮಕ್ಕಳಿಗೆ ಹೇಳಲು ಈ ಒಂದು ಇಸವಿ ಸಾಕು.

ಬೋರ್ಡ್ ಕೆಲಸ ಮಾಡುವ ಬಗೆ

ನಮ್ಮದು ಮ್ಯಾಗ್ನೆಟೋ ಮಾದರಿಯದು. ಅದರಲ್ಲಿ ಒಂದು ಕರೆಯ ಹಂತಗಳು ಹೀಗಿವೆ:

1. ಚಂದಾದಾರ ತನ್ನ ಟೆಲಿಫೋನಿನ ಹಿಡಿ ತಿರುಗಿಸುತ್ತಾನೆ. ಒಳಗಿನ ಸಣ್ಣ ಜನರೇಟರ್‌ನಲ್ಲಿ ಪರ್ಯಾಯ ವಿದ್ಯುತ್ ಹುಟ್ಟಿ ಲೈನಿನಲ್ಲಿ ಹರಿಯುತ್ತದೆ.
2. ಬೋರ್ಡಿನಲ್ಲಿ ಆ ಲೈನಿನ ವಿದ್ಯುತ್ಕಾಂತ ಒಂದು ಕಬ್ಬಿಣದ ತುಂಡನ್ನು ಎಳೆಯುತ್ತದೆ. ಕೊಕ್ಕೆ ಬಿಟ್ಟುಕೊಂಡು ಹಿತ್ತಾಳೆಯ ಮುಚ್ಚಳ ಕೆಳಗೆ ಬೀಳುತ್ತದೆ. ಯಾರು ಕರೆಯುತ್ತಿದ್ದಾರೆಂದು ಆಪರೇಟರ್‌ಗೆ ಗೊತ್ತಾಗುತ್ತದೆ.
3. ಆಪರೇಟರ್ ಒಂದು ಜೋಡಿಯ ಉತ್ತರಿಸುವ ಪ್ಲಗ್ಗನ್ನು ಆ ಲೈನಿನ ಜ್ಯಾಕಿಗೆ ಸಿಕ್ಕಿಸಿ, ಕೇಳುವ ಕೀಲಿ ಸರಿಸಿ, ಯಾವ ನಂಬರ್ ಬೇಕೆಂದು ವಿಚಾರಿಸುತ್ತಾಳೆ.
4. ಜೋಡಿಯ ಇನ್ನೊಂದು ಪ್ಲಗ್ಗನ್ನು ಬೇಕಾದ ಲೈನಿಗೆ ಸಿಕ್ಕಿಸಿ, ಕರೆಗಂಟೆಯ ಕೀಲಿ ಒತ್ತಿ, ಬೋರ್ಡಿನ ಹಿಡಿ ತಿರುಗಿಸುತ್ತಾಳೆ. ಆ ಕಡೆ ಗಂಟೆ ಬಾರಿಸುತ್ತದೆ.
5. ಮಾತು ಮುಗಿದ ಮೇಲೆ ಚಂದಾದಾರ ಮತ್ತೆ ಹಿಡಿ ತಿರುಗಿಸಿದರೆ ಆ ಜೋಡಿಯ ಮುಕ್ತಾಯ ಸೂಚಕ ಬೀಳುತ್ತದೆ. ಆಪರೇಟರ್ ಪ್ಲಗ್ಗುಗಳನ್ನು ಕೀಳುತ್ತಾಳೆ. ಹಲಗೆಯ ಕೆಳಗಿನ ತೂಕದ ಕಲ್ಲು ಕಾರ್ಡನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಮಾತಿಗೆ ಬೇಕಾದ ವಿದ್ಯುತ್ತು ಪ್ರತಿ ಟೆಲಿಫೋನಿನಲ್ಲೇ ಇದ್ದ ಶುಷ್ಕಕೋಶಗಳಿಂದ ಬರುತ್ತಿತ್ತು. ಮುಂದೆ ಬಂದ ಕೇಂದ್ರ ಬ್ಯಾಟರಿ ಪದ್ಧತಿಯಲ್ಲಿ ಹಿಡಿಯೂ ಹೋಯಿತು, ಮನೆಮನೆಯ ಕೋಶವೂ ಹೋಯಿತು. ರಿಸೀವರ್ ಎತ್ತಿದರೆ ಸಾಕು, ಬೋರ್ಡಿನಲ್ಲಿ ದೀಪ ಹೊತ್ತುತ್ತಿತ್ತು.

ಶಿಕ್ಷಕರು ಗಮನಿಸಬೇಕಾದದ್ದು: ಹಿಡಿ ತಿರುಗಿಸಿದಾಗ ಚಲನೆ ವಿದ್ಯುತ್ತಾಗುತ್ತದೆ, ಮುಚ್ಚಳ ಬಿದ್ದಾಗ ವಿದ್ಯುತ್ತು ಚಲನೆಯಾಗುತ್ತದೆ. ಘಟಕದ ಎರಡು ಮುಖ್ಯ ಪರಿಕಲ್ಪನೆಗಳು ಒಂದೇ ಪೆಟ್ಟಿಗೆಯಲ್ಲಿ ಎದುರುಬದುರಾಗಿ ಕೂತಿವೆ.

ದುರಸ್ತಿ: ನಾವು ಮಾಡಿದ್ದು, ಮಾಡಬಾರದಿತ್ತಾದದ್ದು

ಇಂಥ ವಸ್ತು ಕೈಗೆ ಬಂದಾಗ ಮೊದಲ ಕೆಲಸ ಒರೆಸುವುದಲ್ಲ, ದಾಖಲಿಸುವುದು. ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಆದರೂ ಮೊದಲ ದಿನ, ಮಕ್ಕಳ ಮುಂದೆ ಇಡುವ ವಸ್ತು ಚೊಕ್ಕಟವಾಗಿರಲೆಂದು ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಮುಂಭಾಗ ಒರೆಸಿದೆ. ಜ್ಯಾಕುಗಳ ಕೆಳಗೆ ಧೂಳು ಹಿಡಿದ ಒಂದು ಪಟ್ಟಿ ಇತ್ತು. ಅದು ಲೈನುಗಳ ಹೆಸರು ಬರೆದ ಕಾಗದದ ಚೀಟಿಗಳೆಂದು ತಿಳಿಯುವಷ್ಟರಲ್ಲಿ ನಾಲ್ಕು ಚೀಟಿಗಳ ಶಾಯಿ ನನ್ನ ಬಟ್ಟೆಗೆ ಬಂದಿತ್ತು. 1, 4, 7 ಮತ್ತು 9ನೆಯ ಲೈನುಗಳು ಯಾರವೆಂಬುದು ಅಳಿಸಿಹೋಯಿತು. ಅದಕ್ಕೆ ಮೊದಲು ಒಂದು ಫೋಟೋವನ್ನೂ ತೆಗೆದಿರಲಿಲ್ಲ.

ಅಲ್ಲಿಂದ ಮುಂದೆ ಕ್ರಮ ಬದಲಾಯಿತು. ಎಲ್ಲ ಬದಿಗಳಿಂದ ಫೋಟೋ, ನಂತರ ಪ್ರತಿ ತಿರುಪು ಮತ್ತು ತಂತಿಗೆ ಸಂಖ್ಯೆ ಕಟ್ಟಿದ ಚೀಟಿ, ನಂತರ ರೇಖಾಚಿತ್ರ, ಆಮೇಲಷ್ಟೇ ಕೈ. ಪ್ರಶಿಕ್ಷಣಾರ್ಥಿಗಳು ಪಾಲಿಸಿದ ಮುಖ್ಯ ಎಚ್ಚರಿಕೆಗಳು ಇವು:

ಮರ: ಒಣ ಕುಂಚ, ತೀರಾ ಬೇಕಾದಲ್ಲಿ ಹಿಂಡಿ ತೆಗೆದ ಬಟ್ಟೆ. ಹಳೆಯ ಪೆಟ್ಟಿಗೆಗಳ ಹೊಳಪು ಹೆಚ್ಚಾಗಿ ಅರಗಿನದು. ಸ್ಪಿರಿಟ್ ತಾಗಿದರೆ ಕರಗಿ ಬರುತ್ತದೆ.

ಹಿತ್ತಾಳೆ: ಪಾಲಿಶ್ ಹಚ್ಚಲಿಲ್ಲ. ಅದು ಸಂದಿಗಳಲ್ಲಿ ಬಿಳಿ ಪುಡಿಯಾಗಿ ಉಳಿಯುತ್ತದೆ, ಕೆತ್ತಿದ ಅಂಕಿಗಳನ್ನೂ ಸವೆಸುತ್ತದೆ.

ಜ್ಯಾಕಿನ ಸಂಪರ್ಕ ಬಿಂದುಗಳು: ಸ್ಯಾಂಡ್ ಪೇಪರ್ ಬೇಡವೇ ಬೇಡ. ಅವುಗಳ ಮೇಲೆ ಬೆಳ್ಳಿಯಂಥ ಲೋಹದ ತೆಳು ತುಣುಕು ಇರುತ್ತದೆ. ಬಿಳಿ ಕಾಗದದ ಸಣ್ಣ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒದ್ದೆ ಮಾಡಿ ಎರಡು ಪಟ್ಟಿಗಳ ನಡುವೆ ಎಳೆದರೆ ಕಪ್ಪು ಕಾಗದಕ್ಕೆ ಬರುತ್ತದೆ.

ಹಿಡಿಯ ಜನರೇಟರ್: ಬಿಚ್ಚಲಿಲ್ಲ. ಲಾಳದ ಆಕಾರದ ಕಾಂತಗಳ ನಡುವಿನಿಂದ ಕಬ್ಬಿಣದ ತಿರುಗಣೆಯನ್ನು ಸುಮ್ಮನೆ ಹೊರತೆಗೆದರೆ ಕಾಂತತ್ವ ಕುಂದುತ್ತದೆ. ಧ್ರುವಗಳಿಗೆ ಮೆದು ಕಬ್ಬಿಣದ ತುಂಡು ಅಡ್ಡ ಇಡದೆ ಅದಕ್ಕೆ ಕೈಹಾಕಬಾರದು. ನಾವು ಬೇರಿಂಗಿಗೆ ಒಂದು ಹನಿ ಎಣ್ಣೆ ಬಿಟ್ಟೆವು, ಅಷ್ಟೇ.

ಸುರುಳಿಗಳು: ಮಲ್ಟಿಮೀಟರ್‌ನಲ್ಲಿ ಅಳೆದಾಗ ಎಂಟು ಸರಿಯಾಗಿದ್ದವು, ಎರಡು ಒಳಗೆ ತುಂಡಾಗಿದ್ದವು. ಇಲ್ಲಿ ಇಬ್ಬರು ಪ್ರಶಿಕ್ಷಣಾರ್ಥಿಗಳ ನಡುವೆ ಚರ್ಚೆ ನಡೆಯಿತು. "ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಹೊಸ ತಂತಿ ಸುತ್ತಿಸಿದರೆ ಹತ್ತೂ ಕೆಲಸ ಮಾಡುತ್ತವೆ" ಎಂದರು ವಿಜ್ಞಾನದವರು. "ಆಗ ಅದು ನಮ್ಮ ಬೋರ್ಡ್ ಆಗುತ್ತದೆ, ಅವರದ್ದಲ್ಲ" ಎಂದರು ಇತಿಹಾಸದವರು. ಕೊನೆಗೆ ಎರಡನ್ನೂ ಇದ್ದ ಹಾಗೆಯೇ ಬಿಟ್ಟೆವು. ಪಾಠಕ್ಕೆ ಎಂಟು ಸಾಕು. ಬಿಟ್ಟದ್ದನ್ನು ಮುಂದೆ ಯಾರಾದರೂ ಸರಿಪಡಿಸಬಹುದು. ಸುತ್ತಿ ಬಿಸಾಡಿದ್ದನ್ನು ಮರಳಿ ತರಲಾಗದು.

ಸುರಕ್ಷತೆ: ಹಿಡಿಯ ಜನರೇಟರ್ ಎಪ್ಪತ್ತು ಎಂಬತ್ತು ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಕೊಡಬಲ್ಲದು. ಅದರ ತುದಿಗಳನ್ನು ಮಕ್ಕಳ ಕೈಗೆ ಸಿಗದಂತೆ ಮುಚ್ಚಬೇಕು. ಸ್ವಲ್ಪ ಶಾಕ್ ಹೊಡೆಸಿ ನಗಿಸುವ ಹಳೆಯ ಪರಿಪಾಠವನ್ನು ಯಾರೂ ಮುಂದುವರಿಸಬಾರದು.

ಮೊದಲ ಪಾಠ: ದಾರದ ಜಾಲ (ಹತ್ತನೆಯ ತರಗತಿ)

ಆರು ಮಕ್ಕಳು ವೃತ್ತಾಕಾರದಲ್ಲಿ ನಿಂತು ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರಿಗೂ ದಾರ ಹಿಡಿದರು. ಹದಿನೈದು ದಾರಗಳಲ್ಲಿ ಕೈಗಳು ಸಿಕ್ಕಿಕೊಂಡವು. ಏಳನೆಯವಳನ್ನು ನಡುವೆ ನಿಲ್ಲಿಸಿದಾಗ ಆರೇ ದಾರಗಳು ಸಾಕಾದವು. "ಹಾಗಾದರೆ ನಡುವಿನವಳು ಇಲ್ಲದಿದ್ದರೆ ಏನಾಗುತ್ತದೆ?" ಎಂದು ಪ್ರಶಿಕ್ಷಣಾರ್ಥಿ ಕೇಳಿದರು. "ಯಾರೂ ಯಾರ ಜೊತೆಗೂ ಮಾತಾಡೋಕಾಗಲ್ಲ ಮೇಡಂ" ಎಂಬ ಉತ್ತರ ತಕ್ಷಣ ಬಂತು. ಸೂತ್ರವನ್ನು ಕಪ್ಪುಹಲಗೆಗೆ ತಂದದ್ದು ಇದಾದ ಮೇಲೆ. ಪೀಠಿಕೆಗೆ ಹತ್ತು ನಿಮಿಷ ಎಂದು ಯೋಜಿಸಿದ್ದು ಇಪ್ಪತ್ತಾಯಿತು. ದಾರಗಳನ್ನು ಮೊದಲೇ ಕತ್ತರಿಸಿ ಇಟ್ಟುಕೊಂಡಿದ್ದರೆ ಇದು ತಪ್ಪುತ್ತಿತ್ತು.

ಎರಡನೆಯ ಪಾಠ: ಬೀಳುವ ಮುಚ್ಚಳ (ಹತ್ತನೆಯ ತರಗತಿ)

ಬೋರ್ಡಿನ ಒಂದು ಲೈನಿಗೆ ಆರು ಶುಷ್ಕಕೋಶಗಳ ಸರಣಿಯನ್ನು, ಅಂದರೆ 9 ವೋಲ್ಟನ್ನು ಕೊಟ್ಟಾಗ ಮುಚ್ಚಳ "ಟಕ್" ಎಂದು ಬಿತ್ತು. ಕೋಶಗಳ ತುದಿ ಅದಲು ಬದಲು ಮಾಡಿದರೂ ಬಿತ್ತು. ಕಾರಣವನ್ನು ಮಕ್ಕಳೇ ಹೇಳಬೇಕಿತ್ತು: ಪ್ರವಾಹದ ದಿಕ್ಕು ಬದಲಾದರೆ ವಿದ್ಯುತ್ಕಾಂತದ ಧ್ರುವಗಳು ಬದಲಾಗುತ್ತವೆ, ಆದರೆ ಮೆದು ಕಬ್ಬಿಣವನ್ನು ಎರಡೂ ಧ್ರುವಗಳು ಎಳೆಯುತ್ತವೆ. ಹೀಗಾಗಿಯೇ ಪರ್ಯಾಯ ವಿದ್ಯುತ್ತಿಗೂ ಮುಚ್ಚಳ ಬೀಳುತ್ತದೆ.

ನಂತರ ಎರಡು ಎಲ್‌ಇಡಿಗಳನ್ನು ಪರಸ್ಪರ ವಿರುದ್ಧ ದಿಕ್ಕಿಗೆ ಸಮಾಂತರವಾಗಿ ಜೋಡಿಸಿ, ಸರಣಿಯಲ್ಲಿ 10 ಕಿಲೋ ಓಮ್ ರೋಧಕ ಹಾಕಿ, ಜನರೇಟರಿಗೆ ಸೇರಿಸಲಾಯಿತು. ಹಿಡಿಯನ್ನು ನಿಧಾನವಾಗಿ ತಿರುಗಿಸಿದಾಗ ಕೆಂಪು, ಹಸಿರು, ಕೆಂಪು, ಹಸಿರು. ವೇಗವಾಗಿ ತಿರುಗಿಸಿದಾಗ ಎರಡೂ ಒಟ್ಟಿಗೆ ಹೊತ್ತಿದಂತೆ ಕಂಡವು. ಪರ್ಯಾಯ ವಿದ್ಯುತ್ ಎಂಬುದನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಕಲಿಸಿದ್ದನ್ನು ನಾನು ನೋಡಿಲ್ಲ. ಅವಲೋಕನಕ್ಕೆ ಕೂತಿದ್ದ ಸಹಪಾಠಿಗಳು ಒಂದು ಕೊರತೆ ಗುರುತಿಸಿದರು: ಹಿಡಿ ತಿರುಗಿಸಿದ್ದು ಪೂರ್ತಿ ಪ್ರಶಿಕ್ಷಣಾರ್ಥಿಯೇ. ಮುಂದಿನ ವಿಭಾಗದಲ್ಲಿ ತುದಿಗಳನ್ನು ಭದ್ರವಾಗಿ ಮುಚ್ಚಿ ಹಿಡಿಯನ್ನು ಮಕ್ಕಳಿಗೆ ಕೊಡಲಾಯಿತು. ಪ್ಲಗ್ಗನ್ನು ನೋಡಿದ ಹುಡುಗನೊಬ್ಬ, ತನ್ನ ಮಾವನ ಆರ್ಕೆಸ್ಟ್ರಾದಲ್ಲಿ ಗಿಟಾರಿಗೆ ಹಾಕುವುದೂ ಇಂಥದ್ದೇ ಎಂದ. ಅವನು ಹೇಳಿದ್ದು ಸರಿ. 6.35 ಮಿಲಿಮೀಟರಿನ ಆ ಪ್ಲಗ್ಗಿನ ಮೂಲ ಟೆಲಿಫೋನ್ ಬೋರ್ಡಿನದೇ.

ಮೂರನೆಯ ಪಾಠ: ಬೋರ್ಡ್ ಏನು ಹೇಳುತ್ತದೆ? (ಎಂಟನೆಯ ತರಗತಿ)

ಪಾಠದ ಉದ್ದೇಶ: ವಸ್ತುವನ್ನು ಆಧಾರವಾಗಿ ಓದುವುದು, ಕಂಡದ್ದು, ಊಹಿಸಿದ್ದು, ಖಚಿತವಾದದ್ದು ಇವುಗಳನ್ನು ಬೇರೆ ಬೇರೆಯಾಗಿ ಬರೆಯುವುದು.

ಇಂಥ ಬೋರ್ಡುಗಳ ವಯಸ್ಸು ತಿಳಿಯಲು ಮೊದಲು ನೋಡುವುದು ತಯಾರಕರ ಫಲಕವನ್ನು. ಅಮೆರಿಕದ ಹಳೆಯ ಉಪಕರಣಗಳ ಮೇಲೆ ಪೇಟೆಂಟ್ ದಿನಾಂಕಗಳ ಸಾಲು ಇರುವುದುಂಟು. ಅದರಲ್ಲಿನ ಕೊನೆಯ ದಿನಾಂಕಕ್ಕಿಂತ ಮೊದಲು ಆ ವಸ್ತು ತಯಾರಾಗಿರಲಾರದು. ಬ್ರಿಟಿಷ್ ಭಾಗಗಳ ಮೇಲೆ ಕೆಲವೊಮ್ಮೆ ಇಸವಿಯ ಕೊನೆಯ ಎರಡು ಅಂಕಿಗಳು ಒತ್ತಿರುತ್ತವೆ. ಆದರೆ ಒಂದು ಭಾಗದ ಇಸವಿ ಇಡೀ ಬೋರ್ಡಿನ ಇಸವಿಯಲ್ಲ. ಭಾಗಗಳು ಬದಲಾಗುತ್ತಲೇ ಇರುತ್ತವೆ. ನಮ್ಮ ಬೋರ್ಡಿನಲ್ಲಿ ಫಲಕವೇ ಇರಲಿಲ್ಲ, ನಾಲ್ಕು ತಿರುಪಿನ ತೂತುಗಳಷ್ಟೇ ಉಳಿದಿದ್ದವು. ಹಾಗಾಗಿ ಮಕ್ಕಳು ಸವೆತವನ್ನು ಓದಬೇಕಾಯಿತು.

ಭೂತಗನ್ನಡಿ ಹಿಡಿದು ಅವರು ಕಂಡುಕೊಂಡದ್ದು ಇಷ್ಟು. ಎಡತುದಿಯ ಕಾರ್ಡ್ ಜೋಡಿ ಉಳಿದವಕ್ಕಿಂತ ಹೊಸದು. ನಾಲ್ಕನೆಯ ಜ್ಯಾಕಿನ ಅಂಚು ಎಲ್ಲಕ್ಕಿಂತ ಹೆಚ್ಚು ಸವೆದಿದೆ. ಉಳಿದಿರುವ ಆರು ಚೀಟಿಗಳಲ್ಲಿ ಆಸ್ಪತ್ರೆ, ಪೊಲೀಸ್, ಅಕ್ಕಿ ಗಿರಣಿ, ಸೊಸೈಟಿ, ಬಸ್ ಏಜೆಂಟ್, ಹೈಸ್ಕೂಲ್ ಎಂದಿದೆ. ಬಸ್ ಏಜೆಂಟರ ಚೀಟಿಯ ಕಿತ್ತ ಮೂಲೆಯ ಕೆಳಗೆ ಇನ್ನೊಂದು ಚೀಟಿ ಇದೆ. ಅದರ ಮೇಲೆ ಬೇರೆ ಕೈಬರಹದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ "ಫಾರೆಸ್ಟ್" ಎಂದಿದೆ.

ಮಕ್ಕಳ ತೀರ್ಮಾನಗಳು: ಎಡ ಜೋಡಿಯನ್ನು ಬಳಸಿದ್ದು ಕಡಿಮೆ, ಅದಕ್ಕೇ ಹೊಸದಾಗಿ ಉಳಿದಿದೆ. ನಾಲ್ಕನೆಯ ಲೈನು ಊರಿನ ದೊಡ್ಡ ಸಾಹುಕಾರರದು. ಎರಡೂ ತರ್ಕಬದ್ಧ. ಪ್ರಶಿಕ್ಷಣಾರ್ಥಿ ಅವನ್ನು ತಿದ್ದದೆ "ಊಹೆ" ಎಂಬ ಕಾಲಮ್ಮಿನಲ್ಲಿ ಬರೆಸಿದರು. ಅದು ಪಾಠದ ಅತ್ಯುತ್ತಮ ನಿರ್ಧಾರವಾಗಿತ್ತು.

ಮರುದಿನ ಅದೇ ಬೋರ್ಡಿನ ಮುಂದೆ ಕೆಲಸ ಮಾಡಿದ್ದ, ಈಗ ನಿವೃತ್ತರಾಗಿ ಅದೇ ಊರಿನಲ್ಲಿರುವ ತಾಯಿಯೊಬ್ಬರು ಬಂದರು. ಕೂರುವ ಮೊದಲೇ ಅವರ ಕೈ ಎಡ ಜೋಡಿಯ ಪ್ಲಗ್ಗಿನ ಮೇಲೆ ಹೋಯಿತು. ಕಾರ್ಡಿನ ಬಗ್ಗೆ ಮಕ್ಕಳು ಹೇಳಿದ್ದನ್ನು ಕೇಳಿ ನಕ್ಕರು. "ಮೊದಲು ಎತ್ತೋದೇ ಇದನ್ನ. ಸವೆದು ಸವೆದು ಒಳಗಿನ ತಂತಿ ಬಿಟ್ಟುಹೋಗಿ, ಬದಲಾಯಿಸಿದ್ದು. ಹೊಸದಾಗಿ ಕಾಣ್ತಾ ಇದೆ ಅಂದ್ರೆ ಜಾಸ್ತಿ ದುಡಿದದ್ದು ಅಂತ." ನಾಲ್ಕನೆಯ ಲೈನಿನ ಬಗ್ಗೆ ಕೇಳಿದಾಗ, "ಅದು ಯಾರ ಮನೇದೂ ಅಲ್ಲ. ತಾಲ್ಲೂಕಿನ ಎಕ್ಸ್‌ಚೇಂಜಿಗೆ ಹೋಗೋ ಟ್ರಂಕ್ ಲೈನು. ಊರಿಂದ ಹೊರಗೆ ಯಾರು ಮಾತಾಡಬೇಕಾದ್ರೂ ಅದೊಂದೇ ದಾರಿ" ಎಂದರು. ಒಂದೇ ದಾರಿಯಾದ್ದರಿಂದ ಸರದಿ ಬೇಕಾಗಿತ್ತು. ಸಾಮಾನ್ಯ ಕರೆ, ಅರ್ಜೆಂಟ್ ಕರೆ, ಎಲ್ಲಕ್ಕಿಂತ ದುಬಾರಿಯಾದ ಲೈಟ್ನಿಂಗ್ ಕರೆ ಎಂಬ ದರ್ಜೆಗಳನ್ನು ಅವರು ವಿವರಿಸಿದಾಗ ಮಕ್ಕಳಿಗೆ ಅದು ಕಥೆಯಂತೆ ಕೇಳಿಸಿತು.

ಹುಡುಗಿಯೊಬ್ಬಳು ಕೇಳಿದಳು: "ಅಜ್ಜಿ, ನೀವು ಎಲ್ಲರ ಮಾತೂ ಕೇಳಿಸಿಕೊಳ್ತಿದ್ರಾ?"

"ಲೈನು ಸಿಕ್ತೋ ಇಲ್ವೋ ನೋಡೋಕೆ ಕೇಳಲೇಬೇಕಿತ್ತು ಮಗಾ. ಕೇಳಿದ್ದನ್ನ ಅಲ್ಲೇ ಬಿಟ್ಟು ಮನೆಗೆ ಹೋಗಬೇಕಿತ್ತು."

ಸಂದೇಶದ ಗುಟ್ಟು ಬಿಟ್ಟುಕೊಡುವುದು 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯಲ್ಲೇ ಶಿಕ್ಷಾರ್ಹ ಅಪರಾಧವಾಗಿತ್ತು ಎಂದು ಪ್ರಶಿಕ್ಷಣಾರ್ಥಿ ಸೇರಿಸಿದರು. ಇಂದು ನಮ್ಮ ಮಾತು ಯಾರ ಕೈ ದಾಟಿ ಹೋಗುತ್ತದೆ ಎಂಬ ಚರ್ಚೆ ಅಲ್ಲಿಂದ ತಾನಾಗಿಯೇ ಹುಟ್ಟಿತು.

ಕೊನೆಗೆ ನಾನು ಅಳಿಸಿದ ಚೀಟಿಗಳ ವಿಷಯ ಬಂತು. ಅಳಿಸಿದ್ದು ನಾನೇ ಎಂದು ಮಕ್ಕಳ ಮುಂದೆ ಹೇಳಿದೆ. ನಾಲ್ಕನೆಯದು ಆಗಲೇ ಗೊತ್ತಾಗಿತ್ತು. ಒಂದನೆಯದು ಅಂಚೆ ಕಚೇರಿಯ ಸಾರ್ವಜನಿಕ ಫೋನಿನದು ಎಂದು ಅವರು ತಟ್ಟನೆ ಹೇಳಿದರು. 7 ಮತ್ತು 9ರ ಮುಂದೆ ಬೆರಳಿಟ್ಟು ಬಹಳ ಹೊತ್ತು ಕೂತರು. ಒಬ್ಬ ಹುಡುಗ ಸಹಾಯ ಮಾಡಲು ಹೋದ: "ಪಂಚಾಯ್ತಿ ಇರಬಹುದಾ ಅಜ್ಜಿ?"

"ಇರಬಹುದು. ಆದ್ರೆ ನೆನಪಾಗ್ತಿಲ್ಲ. ನಾನು ಸುಮ್ಮನೆ ಹೂಂ ಅಂದ್ರೆ ನೀವು ಬರೆದುಕೊಂಡುಬಿಡ್ತೀರಿ."

ಮೌಲ್ಯಮಾಪನ ಮತ್ತು ಅವಲೋಕನ

ಬರವಣಿಗೆಯ ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಡಲಾಯಿತು: "ನಿಮ್ಮ ಮನೆಯ ಯಾವುದಾದರೂ ಹಳೆಯ ವಸ್ತುವಿನ ಮೇಲಿನ ಒಂದು ಸವೆತ ಅಥವಾ ಗುರುತನ್ನು ವರ್ಣಿಸಿ. ಅದರಿಂದ ಏನು ಊಹಿಸುತ್ತೀರಿ? ಆ ಊಹೆ ತಪ್ಪಾಗಿರಬಹುದಾದ ಒಂದು ಕಾರಣ ಬರೆಯಿರಿ." ಮೂರನೆಯ ಭಾಗಕ್ಕೆ ಉತ್ತರಿಸಲು ಮಕ್ಕಳು ಹೆಚ್ಚು ಹೊತ್ತು ತೆಗೆದುಕೊಂಡರು. ಬೀಸುವ ಕಲ್ಲಿನ ಗೂಟ ಹೊಸದಾಗಿದೆ ಎಂದು ಬರೆದ ಹುಡುಗಿ "ಇದು ಬಳಸದ ಕಲ್ಲು" ಎಂದು ಮೊದಲು ಬರೆದು, ಹೊಡೆದುಹಾಕಿ, "ಅಥವಾ ತುಂಬ ಬಳಸಿ ಗೂಟ ಬದಲಾಯಿಸಿದ ಕಲ್ಲು, ಅಜ್ಜಿಯನ್ನು ಕೇಳಬೇಕು" ಎಂದು ಬರೆದಿದ್ದಳು.

ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆಗಳು ಮೂರು. ಬೋಧನೋಪಕರಣವಾಗಿ ಹಳೆಯ ವಸ್ತು ಸಿಕ್ಕಿದರೆ ಮುಟ್ಟುವ ಮೊದಲು ಫೋಟೋ ತೆಗೆಯಿರಿ. ಎಲ್ಲವನ್ನೂ ಹೊಸದರಂತೆ ಮಾಡಲು ಹೋಗಬೇಡಿ; ಪಾಠಕ್ಕೆ ಬೇಕಾದಷ್ಟು ಕೆಲಸ ಮಾಡಿದರೆ ಸಾಕು. ಆ ವಸ್ತುವಿನೊಂದಿಗೆ ದುಡಿದವರು ಊರಿನಲ್ಲಿದ್ದರೆ ಈ ವರ್ಷವೇ ಕರೆಸಿ, ಮುಂದಿನ ವರ್ಷಕ್ಕೆ ಇಡಬೇಡಿ.

ಬೋರ್ಡ್ ಈಗ ಶಾಲೆಯ ಪ್ರಯೋಗಾಲಯದ ಮೇಜಿನ ಮೇಲಿದೆ. ಪಕ್ಕದ ಗೋಡೆಯಲ್ಲಿ ಮಕ್ಕಳು ಬರೆದ ಹತ್ತು ಸಾಲಿನ ಪಟ್ಟಿ. ಪ್ರತಿ ಹೆಸರಿನ ಮುಂದೆ ಅದು ಗೊತ್ತಾದ ಬಗೆಯಿದೆ: ಆರಕ್ಕೆ "ಚೀಟಿಯಿಂದ", ಎರಡಕ್ಕೆ "ಅಜ್ಜಿಯ ಮಾತಿನಿಂದ". 7 ಮತ್ತು 9ರ ಮುಂದೆ ಖಾಲಿ ಬಿಟ್ಟಿದ್ದಾರೆ.